ಚನಮಲ್ಲಪ್ಪನ ಆಣೆ ಮತ್ತು ಅರ್ಧ ಗ್ಲಾಸು ಕಬ್ಬಿನ ಹಾಲು

ಬನಹಟ್ಟಿಯ ಚನಮಲ್ಲಪ್ಪನಿಗೆ ಸಕ್ಕರೆ ಕಾಯಿಲೆ ಇರುವುದು ಊರಿಗೆಲ್ಲ ಗೊತ್ತಿತ್ತು. ಗೊತ್ತಾಗದೆ ಇರಲು ಅವನು ಬಿಟ್ಟರೆ ತಾನೆ! ಪವರ್‌ಲೂಮು ಇಟ್ಟುಕೊಂಡು ಸೀರೆ ನೇಯಿಸುವ ಈ ಮನುಷ್ಯ ಯಾರ ಮನೆಗೆ ಹೋದರೂ ಕೂರುವ ಮೊದಲೇ, "ನನಗ ಚಹಾದಾಗ ಸಕ್ಕರಿ ಬ್ಯಾಡ್ರೀ" ಎಂದು ಸಾರುತ್ತಿದ್ದ. ಮನೆಮಠ ಬಿಟ್ಟು ಸನ್ಯಾಸಕ್ಕೆ ಹೊರಟವರು ಕೂಡ ಇಷ್ಟು ಗಂಭೀರವಾಗಿ ಮಾತಾಡಿರಲಿಕ್ಕಿಲ್ಲ. ಸಪ್ಪನೆಯ ಚಹಾ ಬರುತ್ತಿತ್ತು. ಮುಖ ಹಿಂಡಿಕೊಂಡು ಕುಡಿದು, ತನ್ನ ತ್ಯಾಗವನ್ನು ಎಲ್ಲರೂ ನೋಡಿದರೋ ಇಲ್ಲವೋ ಎಂದು ಸುತ್ತ ಕಣ್ಣಾಡಿಸಿ, ಅಲ್ಲಿಂದ ಎದ್ದವನು ನೆಟ್ಟಗೆ ಹೋಗುತ್ತಿದ್ದದ್ದು ಸಾತವ್ವನ ಕಬ್ಬಿನ ಹಾಲಿನ ಅಂಗಡಿಗೆ.

ಇದರಲ್ಲಿ ಮೋಸವೇನೂ ಇರಲಿಲ್ಲ. ಸಿದ್ಧಾಂತವಿತ್ತು. "ಸಕ್ಕರಿ ಎಲ್ಲಿ ಆಗತೈತಿ? ಫ್ಯಾಕ್ಟರಿಯಾಗ. ಕಬ್ಬು ಎಲ್ಲಿ ಆಗತೈತಿ? ಹೊಲದಾಗ. ನನಗ ಬಂದಿದ್ದು ಸಕ್ಕರಿ ಜಡ್ಡು. ಹೊಲಕ್ಕೂ ಅದಕ್ಕೂ ಏನ್ ಸಂಬಂಧ?" ಎಂದು ಅವನು ಕೇಳಿದರೆ ಎದುರಿಗಿದ್ದವರಿಗೆ ಥಟ್ಟನೆ ಉತ್ತರ ಹೊಳೆಯುತ್ತಿರಲಿಲ್ಲ. ಹೀಗೆ ಬೆಳಿಗ್ಗೆ ಶಕ್ತಿಗೆಂದು ಮೋಸಂಬಿ ರಸ, ಮಧ್ಯಾಹ್ನ ತಂಪಿಗೆಂದು ಕಬ್ಬಿನ ಹಾಲು, ಸಂಜೆ ರಕ್ತವೃದ್ಧಿಗೆಂದು ದಾಳಿಂಬೆ ರಸ, ನಡುವೆ ಹೊಟ್ಟೆ ಉಬ್ಬರಿಸಿದರೆ ಬಾಟಲಿಯ ಬಣ್ಣದ ನೀರು. ಇಷ್ಟೆಲ್ಲ ಆರೋಗ್ಯವನ್ನು ಕುಡಿದೂ ಅವನ ಶುಗರ್ ಮಾತ್ರ ಏರುತ್ತಲೇ ಇತ್ತು.

ಹೆಂಡತಿ ಶೇವಂತಿ ಕಂಗಾಲಾದಳು. ಅನ್ನ ಕಡಿಮೆ ಮಾಡಿದಳು, ಜೋಳದ ರೊಟ್ಟಿಗೆ ಮೆಂತ್ಯೆ ಸೊಪ್ಪು ಹಾಕಿದಳು, ಬೆಲ್ಲದ ಡಬ್ಬಿಯನ್ನು ಅಟ್ಟಕ್ಕೆ ಏರಿಸಿದಳು. ಶುಗರ್ ಇಳಿಯಲಿಲ್ಲ. ಕೊನೆಗೆ ಗಂಡನನ್ನು ಡಾಕ್ಟರ್ ಅನುರಾಧಾ ಅವರ ದವಾಖಾನೆಗೆ ಎಳೆದುಕೊಂಡು ಹೋದಳು.

ಅನುರಾಧಾ ಊರಿಗೆ ಹೊಸಬರು. ರಕ್ತಪರೀಕ್ಷೆಯ ಚೀಟಿ ನೋಡಿ ಹುಬ್ಬು ಏರಿಸಿದರು. "ಏನೇನ್ ತಿಂತೀರಿ?" ಎಂದರು. ಶೇವಂತಿ ಒಂದೂ ಬಿಡದೆ ಹೇಳಿದಳು. "ಏನೇನ್ ಕುಡೀತೀರಿ?" ಎಂದರು. ಚನಮಲ್ಲಪ್ಪ ಎದೆಯುಬ್ಬಿಸಿ, "ಬರೇ ಸಪ್ಪನ್ ಚಹಾ, ಮತ್ತ ಹಣ್ಣಿನ ರಸ, ಕಬ್ಬಿನ ಹಾಲು" ಎಂದ. ಡಾಕ್ಟರು ಪೆನ್ನು ಕೆಳಗಿಟ್ಟರು. ಶೇವಂತಿ ಗಂಡನ ಕಡೆ ತಿರುಗಿದಳು. ಆ ನೋಟದ ಬಗ್ಗೆ ಹೆಚ್ಚು ಹೇಳದಿರುವುದೇ ಲೇಸು.

"ಒಂದ ಸಲ ನಾಲ್ಕು ಮೋಸಂಬಿ ಸುಲದು ತಿನ್ನಾಕ ಆಗತೈತೇನ್ರಿ ನಿಮಗ?" ಎಂದರು ಡಾಕ್ಟರು.

"ಎಲ್ಲೀದ್ರಿ. ಒಂದ ತಿನ್ನೂದ್ರಾಗ ದವಡಿ ನೋಯತಾವು."

"ಅದ ನಾಲ್ಕನ್ನ ಹಿಂಡಿ ಗ್ಲಾಸಿಗೆ ಹಾಕಿದ್ರ ಒಂದ ಉಸಿರಿಗೆ ಕುಡೀತೀರಿ. ನಾರು ಅಲ್ಲೇ ಉಳೀತು, ಸಕ್ಕರಿ ಅಂಶ ಸೀದಾ ರಕ್ತಕ್ಕ ಹೋತು. ಹಣ್ಣು ಬೇಕಂದ್ರ ಒಂದ ಹಣ್ಣು ತಿನ್ರಿ. ರಸ ಬಿಡ್ರಿ. ಕಬ್ಬಿನ ಹಾಲಂತೂ ಸಕ್ಕರಿ ಫ್ಯಾಕ್ಟರಿಗೆ ಹೋಗೂ ದಾರಿಯಾಗಿನ ಸಕ್ಕರೀನ ರೀ!"

ಚನಮಲ್ಲಪ್ಪನಿಗೆ ಬಹಳ ಬೇಸರವಾಯಿತು. ಇಷ್ಟು ದಿನದ ತನ್ನ ಸಿದ್ಧಾಂತ ಒಂದು ಕ್ಷಣದಲ್ಲಿ ನೆಲಕಚ್ಚಿತಲ್ಲ ಎಂದು. ಅಲ್ಲಿಗೇ ಸುಮ್ಮನಿದ್ದು ಮನೆಗೆ ಹೋಗಿ ನೀರು ಕುಡಿದಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಮುಂದಿನ ರವಿವಾರವೇ ನೇಕಾರರ ಸಮುದಾಯ ಭವನದಲ್ಲಿ ಸಕ್ಕರೆ ಕಾಯಿಲೆಯ ಶಿಬಿರವಿತ್ತು.

ಶಿಬಿರ ಏರ್ಪಡಿಸಿದ್ದವನು ಸೀರೆ ಅಂಗಡಿಯ ವೀರಣ್ಣ. ಇವನು ಚನಮಲ್ಲಪ್ಪನ ಬಾಲ್ಯದ ಗೆಳೆಯ, ಮುಂಜಾನೆ ನಡೆಯುವವರ ಬಳಗದ ಅಧ್ಯಕ್ಷ, ತಾನೂ ಸಕ್ಕರೆ ಕಾಯಿಲೆಯವನು. ಅನುರಾಧಾ ಚೆನ್ನಾಗಿ ಮಾತಾಡಿದರು. ರಸ, ಪಾನಕ, ಬಾಟಲಿಯ ಬಣ್ಣದ ನೀರು ಎಲ್ಲ ಬಿಡಬೇಕು ಎಂದರು. "ಆದ್ರ ಒಂದ ಮಾತು ನೆನಪಿಡ್ರಿ..." ಎಂದು ಅವರು ಬೆರಳೆತ್ತುವಷ್ಟರಲ್ಲಿ ವೀರಣ್ಣ ಮೈಕಿನಲ್ಲಿ, "ನಮ್ಮ ಗೆಳೆಯ ಚನಮಲ್ಲಪ್ಪ ಚಹಾದ ಸಕ್ಕರಿ ಬಿಟ್ಟ ಮಹಾನುಭಾವ. ಎರಡು ಮಾತಾಡಬೇಕು" ಎಂದುಬಿಟ್ಟ.

ಮೈಕು ಎಂಬ ವಸ್ತುವಿನಲ್ಲಿ ಏನೋ ಇದೆ. ಮನೆಯಲ್ಲಿ ಮೆಲ್ಲಗೆ ಮಾತಾಡುವವರೂ ಅದನ್ನು ಹಿಡಿದ ಕೂಡಲೇ ಇನ್ನೊಬ್ಬರಾಗುತ್ತಾರೆ. ಮೊದಲ ಚಪ್ಪಾಳೆಗೆ ಚನಮಲ್ಲಪ್ಪನ ಬೆನ್ನು ನೆಟ್ಟಗಾಯಿತು. ಎರಡನೆಯ ಚಪ್ಪಾಳೆಗೆ ಕೈ ಮೇಲೇರಿತು. ಆಮೇಲೆ ಬಾಯಿ ಅವನ ಸ್ವಾಧೀನದಲ್ಲಿ ಉಳಿಯಲಿಲ್ಲ.

"ಬಂಧುಗಳೇ! ಇವತ್ತಿನಿಂದ ಈ ಚನಮಲ್ಲಪ್ಪ ಕಬ್ಬಿನ ಹಾಲು, ಹಣ್ಣಿನ ರಸ ಮುಟ್ಟಂಗಿಲ್ಲ! ನಾ ಬಂದು ಬೇಡಿದ್ರೂ ಕೊಡಬ್ಯಾಡ್ರಿ! ಅತ್ತರೂ ಕೊಡಬ್ಯಾಡ್ರಿ! ಕಾಲಿಗೆ ಬಿದ್ರೂ ಕೊಡಬ್ಯಾಡ್ರಿ!" ಚಪ್ಪಾಳೆ ಜೋರಾಯಿತು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ನನ್ನ ಹೆಣ್ತಿ ಬಂದು ಹೇಳಿದ್ರೂ ಕೊಡಬ್ಯಾಡ್ರಿ! ಖುದ್ದ ಡಾಕ್ಟರ್ ಮೇಡಂ ಹೇಳಿದ್ರೂ ಕೊಡಬ್ಯಾಡ್ರಿ! ನನ್ನ ಹೆಣ್ತಿ ತಾಳಿ ಮ್ಯಾಲಿನ ಆಣಿ!"

ಭವನ ಗುಡುಗಿತು. ವೀರಣ್ಣ ಶಾಲು ಹೊದಿಸಿದ. ಮುಂದಿನ ಸಾಲಿನಲ್ಲಿದ್ದ ಸಾತವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಶೇವಂತಿ ಮಾತ್ರ ಗಾಬರಿಯಾಗಿ ತಾಳಿಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಡಾಕ್ಟರು ಬೆರಳೆತ್ತಿದವರು ಹಾಗೆಯೇ ಇಳಿಸಿದರು. ಭಾಷಣದ ವಿಡಿಯೋ ಸಂಜೆಯೊಳಗೆ ರಬಕವಿ, ತೇರದಾಳ ದಾಟಿ ಜಮಖಂಡಿ ಮುಟ್ಟಿತು.

ಮರುದಿನ ಮಧ್ಯಾಹ್ನ ಬಿಸಿಲು ಏರಿದ ಹಾಗೆ ಚನಮಲ್ಲಪ್ಪನಿಗೆ ಶಾಲಿನ ನೆನಪು ಮಸುಕಾಗಿ ಕಬ್ಬಿನ ಹಾಲಿನ ನೆನಪು ಬೆಳಗತೊಡಗಿತು. ಸಾತವ್ವನ ಅಂಗಡಿಗೆ ಹೋಗಿ, ಗಾಣದ ಮರೆಗೆ ನಿಂತು, ಪಿಸುದನಿಯಲ್ಲಿ, "ಸಾತಕ್ಕ, ಅರ್ಧ ಗ್ಲಾಸ್" ಎಂದ.

ಸಾತವ್ವ ಊರು ಬೆಚ್ಚುವಂತೆ ಕೂಗಿದಳು. "ನೋಡ್ರಪ್ಪೋ! ಪರೀಕ್ಷಾ ಮಾಡಾಕ ಬಂದಾನ ನನ್ನ ತಮ್ಮ! ಸಾತವ್ವ ಮಾತಿಗೆ ನಿಲ್ಲತಾಳೋ ಇಲ್ಲೋ ಅಂತ ನೋಡಾಕ ಬಂದಾನ! ನಾ ಕೊಡಂಗಿಲ್ಲ ತಮ್ಮಾ! ನೀ ಎದಿ ಬಡಕೊಂಡರೂ ಕೊಡಂಗಿಲ್ಲ!"

ಸುತ್ತಲಿದ್ದವರು ಭಲೇ ಎಂದರು. ಚನಮಲ್ಲಪ್ಪ ಬೇರೆ ದಾರಿ ಕಾಣದೆ, "ಶಾಬಾಸ್ ಸಾತಕ್ಕ, ಪಾಸ್ ಆದಿ" ಎಂದು ಒಣಗಿದ ಗಂಟಲಲ್ಲಿ ಹೇಳಿ ಹಿಂತಿರುಗಿದ.

ಊರಲ್ಲಿ ಆಗದ ಕೆಲಸ ಪರಸ್ಥಳದಲ್ಲಿ ಆದೀತೆಂದು, ನೂಲು ತರುವ ನೆಪ ಹೇಳಿ ಜಮಖಂಡಿಯ ಬಸ್ಸು ಹತ್ತಿದ. ಅಲ್ಲಿ ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಜ್ಯೂಸ್ ಸೆಂಟರಿನಲ್ಲಿ, ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಮೂಲೆಯಲ್ಲಿ ಕೂತು ಮೋಸಂಬಿ ರಸ ಕೇಳಿದ. ಅಂಗಡಿಯ ಪ್ರೇಮಕುಮಾರ ಮೋಸಂಬಿ ಹೆಚ್ಚಲು ಚಾಕು ಎತ್ತಿದವನು ಅವನ ಮುಖ ನೋಡಿ ಹಾಗೇ ನಿಂತ.

"ನೀವು... ಬನಹಟ್ಟಿ ಆಣಿಯವ್ರಲ್ರಿ?"

"ಅಲ್ರಿ. ನಮ್ಮದು ಮುಧೋಳ."

"ಧ್ವನಿ ಅದ ಐತಿ ಬಿಡ್ರಿ! ನಮ್ಮಪ್ಪ ನಿಮ್ಮ ವಿಡಿಯೋ ದಿನಾ ನೋಡತಾನ. ಅವಂಗೂ ಶುಗರ್ ಐತಿ. ನಿಮ್ಮ ಸಲುವಾಗಿ ಪೇಡಾ ಬಿಟ್ಟಾನ್ರಿ!" ಪ್ರೇಮಕುಮಾರ ಹೊರಗೆ ಬಂದು ಕಾಲು ಮುಟ್ಟಿ, ಪಕ್ಕದ ಅಂಗಡಿಯವರನ್ನೆಲ್ಲ ಕರೆದು, ಚನಮಲ್ಲಪ್ಪನ ಹೆಗಲ ಮೇಲೆ ಕೈಹಾಕಿ ಫೋಟೋ ತೆಗೆಸಿಕೊಂಡ. ಆಮೇಲೆ ತೊಳೆದ ಗ್ಲಾಸಿನಲ್ಲಿ ತಣ್ಣನೆಯ ನೀರು ತಂದಿಟ್ಟು ಕೈಮುಗಿದ. ಚನಮಲ್ಲಪ್ಪ ಅದನ್ನು ಕುಡಿದು, ಯಾರದೋ ತಂದೆಗೆ ಒಳ್ಳೆಯದಾಗಲೆಂದು ಹಾರೈಸಿ, ನೂಲನ್ನೂ ತರದೆ ಮನೆಗೆ ಬಂದ.

ಆಶ್ಚರ್ಯವೆಂದರೆ, ಎಲ್ಲಿ ಹೋದರೂ ನೀರೇ ಸಿಗತೊಡಗಿದ ಮೇಲೆ ಅವನಿಗೆ ನೀರೇ ರೂಢಿಯಾಯಿತು. ಒಂದು ಮೋಸಂಬಿ ಸುಲಿದು ತಿಂದರೆ ಬಾಯಿಗೆ ಸಾಕೆನಿಸತೊಡಗಿತು. ಡಾಕ್ಟರು ಮೊದಲೇ ಶುರುಮಾಡಿದ್ದ ಹೊಸ ಗುಳಿಗೆಯೂ ಕೆಲಸ ಮಾಡಿತು. ಶುಗರ್ ಇಳಿಯಿತು. "ಛಲೋ ಆತು. ಆದ್ರ ಈ ಗುಳಿಗಿ ತಗೊಂಡ ಮ್ಯಾಲೆ ಊಟ ತಪ್ಪಸಬ್ಯಾಡ್ರಿ. ಕೈಕಾಲು ನಡಗಿದ್ರ, ಮೈ ಬೆವತ್ರ ತಡಾ ಮಾಡಬ್ಯಾಡ್ರಿ, ಕೂಡ್ಲೆ ಏನರೆ ಸಿಹಿ ತಗೋರಿ" ಎಂದರು ಡಾಕ್ಟರು. ಶೇವಂತಿ ಗಮನವಿಟ್ಟು ಕೇಳಿದಳು. ಚನಮಲ್ಲಪ್ಪ ಚೀಟಿಯಲ್ಲಿದ್ದ ಅಂಕಿಯನ್ನೇ ನೋಡುತ್ತ ಕೂತಿದ್ದ.

ಹಾಗೆ ನೋಡುವುದಕ್ಕೆ ಕಾರಣವಿತ್ತು. ಮುಂಜಾನೆ ನಡೆಯುವವರ ಬಳಗದಲ್ಲಿ ಶುಗರ್ ಎಂದರೆ ಸಾಲೆಯ ಮಾರ್ಕ್ಸ್ ಇದ್ದ ಹಾಗೆ, ಆದರೆ ತಿರುವು ಮುರುವು. ಯಾರದು ಕಡಿಮೆಯೋ ಅವರು ಮುಂದೆ ನಡೆಯುತ್ತಿದ್ದರು. ಜಾಸ್ತಿ ಇದ್ದವರು ಹಿಂದಿನ ಸಾಲಿನಲ್ಲಿ ತಲೆತಗ್ಗಿಸಿ ಬರುತ್ತಿದ್ದರು. ವೀರಣ್ಣ ಬಹಳ ದಿನದಿಂದ ಮೊದಲಿಗ.

"ಆಣೀ ಮಾಡಿದಾಂವ ನೀ, ಶುಗರ್ ಕಡಿಮಿ ನಂದು" ಎಂದು ಒಂದು ಮುಂಜಾನೆ ವೀರಣ್ಣ ಮೀಸೆ ತೀಡಿದ. "ನಾಳಿ ಮಧ್ಯಾಹ್ನ ಮೇಡಮ್ಮಾರ ಕಡೆ ಇಬ್ಬರೂ ಪರೀಕ್ಷಾ ಮಾಡಸೂಣು. ನೋಡೇಬಿಡೂಣು."

"ನಿನ್ನ ಹಿಂದ ಹಾಕಲಿಲ್ಲಂದ್ರ ಕೇಳು ಲೇ ವೀರ್ಯಾ" ಎಂದ ಚನಮಲ್ಲಪ್ಪ.

ಮರುದಿನ ಶೇವಂತಿ ಅಕ್ಕನ ಮಗಳ ಸೀಮಂತಕ್ಕೆಂದು ಬೆಳಿಗ್ಗೆಯೇ ಪಕ್ಕದ ರಬಕವಿಗೆ ಹೊರಟಳು. ರೊಟ್ಟಿ, ಕಾಳುಪಲ್ಯ, ಮಜ್ಜಿಗೆ ಎಲ್ಲ ಮುಚ್ಚಿಟ್ಟು, "ಗುಳಿಗಿ ನುಂಗಿ ಕೂಡ್ಲೆ ಉಣ್ರಿ" ಎಂದು ಎರಡು ಸಲ ಹೇಳಿ ಹೋದಳು. ಚನಮಲ್ಲಪ್ಪ ಗುಳಿಗೆ ನುಂಗಿದ. ಆಮೇಲೆ ರೊಟ್ಟಿಯ ಕಡೆ ನೋಡಿ ಲೆಕ್ಕ ಹಾಕಿದ. ಉಂಡರೆ ಶುಗರ್ ಏರುತ್ತದೆ. ಗುಳಿಗೆಯಿಂದ ಇಳಿಯುತ್ತದೆ. ಹಾಗಿದ್ದರೆ ಗುಳಿಗೆ ನುಂಗಿ ಉಣ್ಣದೆ ಇದ್ದರೆ? ವೀರಣ್ಣ ಖಲ್ಲಾಸ್! ರೊಟ್ಟಿಗಳನ್ನು ಎದುರು ಮನೆಯ ಎಮ್ಮೆಗೆ ಹಾಕಿ, ಮಗ್ಗದ ಕೋಣೆಗೆ ಹೋಗಿ ಕೂತ. ಎಮ್ಮೆ ಸಂತೋಷದಿಂದ ಉಂಡಿತು.

ಮಧ್ಯಾಹ್ನ ವೀರಣ್ಣನ ಜೊತೆ ದವಾಖಾನೆಗೆ ಹೊರಟಾಗ ಚನಮಲ್ಲಪ್ಪನಿಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದ ಹಾಗಾಗಿತ್ತು. ಸಾತವ್ವನ ಅಂಗಡಿಯ ಹತ್ತಿರ ಬರುವಷ್ಟರಲ್ಲಿ ಕೈಬೆರಳು ನಡುಗತೊಡಗಿದವು. ಅಂಗಿ ಬೆವರಿನಲ್ಲಿ ತೊಯ್ದು ಬೆನ್ನಿಗೆ ಅಂಟಿತು. ಎದೆ ಮಗ್ಗದಂತೆ ಖಟಖಟ ಬಡಿಯಿತು. ರಸ್ತೆ ಓರೆಯಾಗಿ ಕಂಡಿತು. ಅವನು ಸಾತವ್ವನ ಬೆಂಚಿನ ಮೇಲೆ ಕುಸಿದು ಕೂತ. ಶಿಬಿರವಾಗಲಿ ಶಾಲಾಗಲಿ ಯಾವುದೂ ತಲೆಯಲ್ಲಿರಲಿಲ್ಲ. ಮೈಯ ಕಣಕಣವೂ ಒಂದನ್ನೇ ಕೇಳುತ್ತಿತ್ತು.

"ಸಾತಕ್ಕ... ಕಬ್ಬಿನ ಹಾಲು ಕೊಡು" ಎಂದ. ನಾಲಿಗೆ ತೊದಲುತ್ತಿತ್ತು.

ಸಾತವ್ವ ಸೊಂಟದ ಮೇಲೆ ಕೈಯಿಟ್ಟಳು. "ಮತ್ತ ಪರೀಕ್ಷಾ! ಏನ್ ನಾಟಕ ಮಾಡತಾನಪ್ಪ ನನ್ನ ತಮ್ಮ!"

"ನಾಟಕಲ್ಲ... ಸಾಯಾಕತ್ತೇನಿ..." ಚನಮಲ್ಲಪ್ಪನ ಕಣ್ಣಲ್ಲಿ ನೀರು ಬಂತು.

"ಬೇಡಿದ್ರೂ ಕೊಡಬ್ಯಾಡ್ರಿ ಅಂದಿದ್ದ, ಬೇಡಿದ" ಎಂದ ವೀರಣ್ಣ, ಸೇರುತ್ತಿದ್ದ ಜನಕ್ಕೆ ವಿವರಿಸುತ್ತ. "ಅತ್ತರೂ ಕೊಡಬ್ಯಾಡ್ರಿ ಅಂದಿದ್ದ, ಈಗ ಅಳಾಕತ್ತಾನ. ಎಲ್ಲಾ ಹೇಳಿದಂಗ ನಡದೈತಿ. ಯಾರೂ ಮನಸ್ಸು ಕರಗಸಬ್ಯಾಡ್ರಿ!"

ಚನಮಲ್ಲಪ್ಪ ಎದ್ದು ಗ್ಲಾಸಿನ ಕಡೆ ಹೋಗಲು ನೋಡಿದ. ಮೊಣಕಾಲು ಹಿಡಿಯಲಿಲ್ಲ. ಸಾತವ್ವನ ಕಾಲ ಹತ್ತಿರವೇ ಕುಸಿದುಬಿದ್ದ.

"ಕಾಲಿಗೂ ಬಿದ್ದ!" ಎಂದು ಜನ ಉದ್ಗರಿಸಿತು. ಅಲ್ಲಿದ್ದವರಿಗೆಲ್ಲ ರೋಮಾಂಚನವಾಯಿತು. ಒಬ್ಬ ಮನುಷ್ಯ ತನ್ನ ದೌರ್ಬಲ್ಯವನ್ನು ಇಷ್ಟು ಕರಾರುವಾಕ್ಕಾಗಿ ಮೊದಲೇ ಕಂಡುಕೊಂಡದ್ದನ್ನು ಬನಹಟ್ಟಿ ಹಿಂದೆಂದೂ ನೋಡಿರಲಿಲ್ಲ. ನಾಲ್ಕು ಜನ ಅವನನ್ನು ಎತ್ತಿ, ಬಹಳ ಗೌರವದಿಂದ ಮತ್ತೆ ಬೆಂಚಿನ ಮೇಲೆ ಕೂರಿಸಿ, ಗಾಣಕ್ಕೆ ಕೈ ಮುಟ್ಟದಂತೆ ಹಿಡಿದುಕೊಂಡರು.

ಸಾತವ್ವ ಹೆಮ್ಮೆಯಿಂದ ಶೇವಂತಿಗೆ ಫೋನು ಹಚ್ಚಿದಳು. "ಶೇವಂತೀ, ಸಾತವ್ವ ಮಾತಾಡಾಕತ್ತೇನಿ. ನಿನ್ನ ಗಂಡ ಇಲ್ಲಿ ಅಳಾಕತ್ತಾನ. ನಾ ಒಂದ ಹನಿ ಕೊಟ್ಟಿಲ್ಲ ನೋಡು!"

"ಬೆವರಾಕತ್ತಾರೇನು?"

"ತೊಯ್ದು ತೊಪ್ಪಿ ಆಗ್ಯಾನವ್ವ."

"ಕೈ ನಡಗಾಕತ್ತಾವೇನು?"

"ಜ್ವರಾ ಬಂದಂಗ."

"ಯಕ್ಕಾ, ಲಗೂನ ಕುಡಸು! ಕಬ್ಬಿನ ಹಾಲು ಕುಡಸು! ನಾ ಬಂದ್ನಿ!"

ಸಾತವ್ವ ಫೋನನ್ನು ದೂರ ಹಿಡಿದು ನೋಡಿದಳು. "ಕುಡಸು ಅಂತಾಳ!"

"ಹೆಣ್ತಿ ಹೇಳಿದ್ರೂ ಕೊಡಬ್ಯಾಡ್ರಿ ಅಂದಿದ್ದ" ಎಂದ ವೀರಣ್ಣ. ಅವನ ದನಿಯಲ್ಲಿ ಈಗ ಭಕ್ತಿಯೇ ಬಂದಿತ್ತು.

ಅಷ್ಟರಲ್ಲಿ ಅವನ ಜೇಬಿನಲ್ಲೇ ಫೋನು ರಿಂಗಾಯಿತು. ಡಾಕ್ಟರ್ ಅನುರಾಧಾ. ಶೇವಂತಿ ಆಟೋ ಹತ್ತುತ್ತಲೇ ಅವರಿಗೆ ಫೋನು ಮಾಡಿದ್ದಳು. ವೀರಣ್ಣ ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದ.

"ಎಚ್ಚರ ಐತೇನ್ರಿ ಅವರಿಗೆ? ನುಂಗಾಕ ಬರತೈತೇನು?"

"ಎಚ್ಚರ ಐತ್ರಿ. ನನಗ ಬಯ್ಯಾಕತ್ತಾನ."

"ಹಂಗಾರ ಅರ್ಧ ಗ್ಲಾಸ್ ಕುಡಸ್ರಿ, ಈಗಿಂದೀಗ! ಶುಗರ್ ಏರಿಲ್ಲ, ಇಳದೈತಿ! ನಾ ಮೀಟರ್ ತಗೊಂಡು ಬರಾಕತ್ತೇನಿ."

ವೀರಣ್ಣ ನಯವಾಗಿ ನಕ್ಕ. "ಮೇಡಂ, ನಮ್ಮನ್ನ ಮರುಳ ಮಾಡಬ್ಯಾಡ್ರಿ. ಅವತ್ತ ಭವನದಾಗ ನೀವ ಹೇಳಿದ್ರಿ, ರಸ ಮುಟ್ಟಬಾರದಂತ. ಡಾಕ್ಟರ್ ಹೇಳಿದ್ರೂ ಕೊಡಬ್ಯಾಡ್ರಿ ಅಂತ ಅಂವನೂ ಹೇಳ್ಯಾನ."

"ಅವತ್ತ ನೀವು ನನಗ ಪೂರ್ತಿ ಹೇಳಾಕ ಬಿಟ್ರೇನ್ರಿ? 'ಆದ್ರ' ಅಂತ ಬಾಯಿ ತೆಗೆಯೂದ್ರಾಗ ಮೈಕ್ ಕಸಗೊಂಡ್ರಿ! ಶುಗರ್ ಇಳದಾಗ ಸಕ್ಕರೀನ ಔಷಧಾ ಅಂತ ಹೇಳಾಂವಿದ್ದೆ!"

"ಹೇಳಾಂವ ಅಲ್ರಿ ಮೇಡಂ, ಹೇಳಾಕಿ" ಎಂದು ಹಿಂದಿನಿಂದ ಯಾರೋ ತಿದ್ದಿದರು.

"ವೀರಣ್ಣಾರ!" ಎಂದು ಫೋನು ಕಿರಿಚಿತು. ಸಿಟ್ಟಿನಲ್ಲಿ ಡಾಕ್ಟರಿಗೆ ವ್ಯಾಕರಣ ತಪ್ಪಿತ್ತು.

ಜನ ಎರಡು ಪಂಗಡವಾಯಿತು. ಡಾಕ್ಟರ ಮಾತು ಕೇಳಬೇಕೆಂದು ಕೆಲವರು, ಆಣೆ ದೊಡ್ಡದೆಂದು ಕೆಲವರು. ಸಾತವ್ವ ಒಂದು ಕೈಯಲ್ಲಿ ಕಬ್ಬು, ಇನ್ನೊಂದು ಕೈಯಲ್ಲಿ ಗ್ಲಾಸು ಹಿಡಿದು ಅತ್ತಿಂದಿತ್ತ ನೋಡುತ್ತಿದ್ದಳು. "ಅಯ್ಯ, ಹೆಣ್ಮಗಳ ತಾಳಿ ಮ್ಯಾಲಿನ ಆಣಿ ಐತಲ್ರೋ! ನಾ ಹೆಂಗ್ ಮುರೀಲಿ?" ಎಂದು ಅವಳಿಗೂ ಅಳು ಬಂತು. ಬೆಂಚಿನ ಮೇಲೆ ಚನಮಲ್ಲಪ್ಪ ಈಗ ಬಯ್ಯುವುದನ್ನೂ ನಿಲ್ಲಿಸಿದ್ದ. ಮುಖ ಬಿಳಿಚಿತ್ತು. ಕಣ್ಣು ಎಲ್ಲೋ ನೋಡುತ್ತಿದ್ದವು. ಅವನನ್ನು ಹಿಡಿದಿದ್ದವರಿಗೆ ಅವನ ಕೈ ಮಂಜಿನಂತೆ ತಣ್ಣಗೆ ತಾಗಿತು. ಗದ್ದಲ ತಾನಾಗಿಯೇ ತಗ್ಗಿತು. ಮೊದಲ ಸಲ ವೀರಣ್ಣನ ಮುಖದಲ್ಲಿ ಭಯ ಕಾಣಿಸಿತು.

ಆಗ ಆಟೋ ಬಂದು ನಿಂತಿತು. ಸೀಮಂತದ ಜರತಾರಿ ಸೀರೆಯಲ್ಲೇ ಶೇವಂತಿ ಇಳಿದು ಓಡಿಬಂದಳು. ವೀರಣ್ಣ, "ವೈನಿ, ಆಣಿ..." ಎಂದ.

"ಯಾರ ತಾಳಿ ಮ್ಯಾಲಿನ ಆಣಿ?" ಎಂದಳು ಶೇವಂತಿ. ಅವಳು ಹೀಗೆ ಜೋರಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. "ತಾಳಿ ನಂದು. ನನ್ನ ಒಂದ ಮಾತು ಕೇಳಿ ಆಣಿ ಇಟ್ಟಾರೇನು? ಇಲ್ಲ. ನಾ ವಾಪಸ್ ತಗೊಂಡ್ನಿ. ಸಾತಕ್ಕ, ಹಾಕು ಕಬ್ಬು!"

ಕಾನೂನಿನ ತೊಡಕು ಹೀಗೆ ಬಗೆಹರಿದ ಕೂಡಲೇ ಗಾಣ ಗರ್ರನೆ ತಿರುಗಿತು. ಸೋಸುವಷ್ಟು ಕೂಡ ಕಾಯದೆ ಶೇವಂತಿ ಗ್ಲಾಸು ಕಸಿದುಕೊಂಡು, ಗಂಡನ ತಲೆಯನ್ನು ತೋಳಿಗೆ ಆನಿಸಿಕೊಂಡು, ಸ್ವಲ್ಪ ಸ್ವಲ್ಪವಾಗಿ ಕುಡಿಸಿದಳು. ಅರ್ಧ ಗದ್ದಕ್ಕೆ ಹೋಯಿತು, ಅರ್ಧ ಗಂಟಲಿಗೆ ಹೋಯಿತು. ಸಾತವ್ವ ಮತ್ತೊಂದಿಷ್ಟು ಹಿಂಡಿಕೊಟ್ಟಳು.

ಅನುರಾಧಾ ಸ್ಕೂಟಿ ಮೇಲೆ ಬಂದು ಚನಮಲ್ಲಪ್ಪನ ಬೆರಳು ಚುಚ್ಚಿದರು. ಅಂಕಿ ನೋಡಿ ತುಟಿ ಕಚ್ಚಿದರು. "ಕುಡದ ಮ್ಯಾಲೂ ಇಷ್ಟ ಐತಿ" ಎಂದರು. ವೀರಣ್ಣ ಮೆಲ್ಲಗೆ ಬಗ್ಗಿ ಮೀಟರು ನೋಡಿದ. "ನನಕಿಂತ ಭಾಳ ಕಡಿಮಿ!" ಎಂದು ಅವನ ಬಾಯಿಂದ ಬಂದುಬಿಟ್ಟಿತು.

ಚನಮಲ್ಲಪ್ಪನ ರೆಪ್ಪೆ ಅಲುಗಿದವು. ಮುಖಕ್ಕೆ ತುಸು ಬಣ್ಣ ಬಂದಿತ್ತು. "ಹಂಗಾರ... ಮೊದಲ ನಂಬರ್ ನಂದ?" ಎಂದ ಕ್ಷೀಣ ದನಿಯಲ್ಲಿ.

ಶೇವಂತಿ ಅವನನ್ನು ತೋಳಿನಿಂದ ಇಳಿಸಲಿಲ್ಲ. ಆದರೆ ಎಲ್ಲರ ಎದುರಿಗೇ ತಲೆಗೆ ಒಂದು ಮೊಟಕಿದಳು. ಆಮೇಲೆ ಕಣ್ಣೊರೆಸಿಕೊಂಡಳು. ಸಾತವ್ವ ತನ್ನ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ಚನಮಲ್ಲಪ್ಪ ಉಂಡ ರೀತಿ ನೋಡಿ ಡಾಕ್ಟರು ವಿಚಾರಿಸಿದರು. ಎದುರು ಮನೆಯ ಎಮ್ಮೆಯ ಸುದ್ದಿ ಅವನ ಬಾಯಿಂದಲೇ ಹೊರಬಂದಾಗ ಡಾಕ್ಟರು ಹಣೆ ಹಿಡಿದುಕೊಂಡರು.

ಅಂದೇ ಬೆಂಚಿನ ಮೇಲೆ ನಿಂತು ಅನುರಾಧಾ ತಮ್ಮ ಭಾಷಣವನ್ನು ಪೂರ್ತಿ ಮಾಡಿದರು. ಈ ಸಲ ಮೈಕು ಇರಲಿಲ್ಲ, ಆದ್ದರಿಂದ ಯಾರೂ ಕಸಿದುಕೊಳ್ಳಲಿಲ್ಲ. ದಿನವೂ ರಸ ಕುಡಿಯುವುದು ಬೇರೆ, ಶುಗರ್ ತೀರ ಇಳಿದಾಗ ಕುಡಿಸುವುದು ಬೇರೆ ಎಂದು ವಿವರಿಸಿದರು. ಜನ ತಲೆಯಾಡಿಸಿತು. ಬನಹಟ್ಟಿಯ ಜನ ಒಂದು ಸಲ ತಿಳಿದುಕೊಂಡರೆ ಅರ್ಧಕ್ಕೆ ಬಿಡುವವರಲ್ಲ. ಮರುದಿನದಿಂದಲೇ ಚನಮಲ್ಲಪ್ಪನ ಹಣೆಯ ಮೇಲೆ ಒಂದು ಹನಿ ಬೆವರು ಕಂಡರೆ ಸಾಕು, ಯಾರಾದರೊಬ್ಬರು ಗ್ಲಾಸು ಹಿಡಿದು ಓಡಿಬರುತ್ತಿದ್ದರು. ಅದು ಸುಡುಬೇಸಿಗೆ. ಊರಲ್ಲಿ ಬೆವರದವರೇ ಇರಲಿಲ್ಲ. "ಬ್ಯಾಡ್ರೋ, ನಾ ಆರಾಮ ಇದ್ದೇನಿ, ಉಂಡೇನಿ" ಎಂದರೆ, "ಮಾತು ತೊದಲಾಕತ್ತೈತಿ, ಹಿಡೀರಿ ಅವನ್ನ!" ಎನ್ನುತ್ತಿದ್ದರು. ವೀರಣ್ಣ ಪಶ್ಚಾತ್ತಾಪದಿಂದ ಕಿಸೆಯಲ್ಲೇ ಮಾವಿನ ರಸದ ಪೊಟ್ಟಣ ಇಟ್ಟುಕೊಂಡು ಅಡ್ಡಾಡತೊಡಗಿದ.

ಒಂದು ಮಧ್ಯಾಹ್ನ ಚನಮಲ್ಲಪ್ಪ ಕ್ಷೌರಕ್ಕೆ ಕೂತಿದ್ದ. ಆಗಲೇ ಕರೆಂಟು ಹೋಯಿತು. ಫ್ಯಾನು ನಿಂತಿತು. ಬಟ್ಟೆಯ ಒಳಗೆ ಅವನು ಬೆವೆತ. ಒಂದು ಕೆನ್ನೆ ಮುಗಿಸಿ ಇನ್ನೊಂದಕ್ಕೆ ನೊರೆ ಹಚ್ಚಿದ್ದ ಕ್ಷೌರಿಕ ಕನ್ನಡಿಯಲ್ಲಿ ಅದನ್ನು ನೋಡಿದ್ದೇ ಕತ್ತಿ ಕೆಳಗಿಟ್ಟು, "ಯಪ್ಪಾ, ತಡೀರಿ!" ಎಂದು ಸಾತವ್ವನ ಅಂಗಡಿಯ ಕಡೆ ಓಡಿದ. ಪಕ್ಕದಲ್ಲಿ ಕೂತಿದ್ದ ವೀರಣ್ಣ ಕಿಸೆಗೆ ಕೈಹಾಕಿದ.

ಕಾಯಿಪಲ್ಯ ಕೊಳ್ಳುತ್ತಿದ್ದ ಶೇವಂತಿ ತಲೆಯೆತ್ತಿದಾಗ, ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಂಡು, ಅರ್ಧ ಮುಖಕ್ಕೆ ನೊರೆ ಮೆತ್ತಿಕೊಂಡು ತನ್ನ ಗಂಡ ಬಜಾರದ ನಡುವೆ ದಾಪುಗಾಲು ಹಾಕುತ್ತ ಬರುತ್ತಿದ್ದ. ಅವನ ಹಿಂದೆ ಪೊಟ್ಟಣ ಹಿಡಿದ ವೀರಣ್ಣ, ಅವನ ಹಿಂದೆ ಗ್ಲಾಸು ಹಿಡಿದ ಕ್ಷೌರಿಕ.

"ಏನ್ರಿ ಇದು! ಎಲ್ಲಿಗೆ ಹೊಂಟೀರಿ?"

"ಜ್ಯೂಸು ಬೆನ್ನ ಹತ್ತೈತಿ!" ಎಂದು ಕೂಗಿ ಚನಮಲ್ಲಪ್ಪ ಅವಳನ್ನು ದಾಟಿ ಹೋದ.

ಶೇವಂತಿ ನಿಂತು ನೋಡಿದಳು. ದಿನಾ ಚುರುಕಾಗಿ ನಡೆಯಬೇಕೆಂದು ಡಾಕ್ಟರು ಹೇಳಿ ಹೇಳಿ ಸೋತಿದ್ದರು. ಮುಂಜಾನೆ ಬಳಗದಲ್ಲಿ ಹೋದರೂ ಅವನು ಹರಟೆ ಹೊಡೆಯುತ್ತ ತೆವಳುತ್ತಿದ್ದನೇ ಹೊರತು ಇಂಥ ನಡಿಗೆಯನ್ನು ಅವಳು ಮದುವೆಯಾದಾಗಿನಿಂದ ಕಂಡಿರಲಿಲ್ಲ. ಬದನೆಕಾಯಿಯನ್ನು ಚೀಲಕ್ಕೆ ಹಾಕಿಕೊಂಡು, ಸಾವಕಾಶವಾಗಿ, ಬೀದಿಗೆಲ್ಲ ಕೇಳುವಂತೆ ಕೂಗಿದಳು:

"ವೀರಣ್ಣಾರ, ನಿಲ್ಲಬ್ಯಾಡ್ರಿ! ಹಿಂಗ ದಿನಾ ರಬಕವಿ ಮಟಾ ಬೆನ್ನ ಹತ್ರಿ!"